ನಮ್ಮ ಬ್ಯಾಕ್ಟೀರಿಯಾದ ಜೀನೋಮ್ ಓದಿಸಬೇಕು: ಬಯೋಇನ್ಫರ್ಮ್ಯಾಟಿಕ್ಸ್ ಬಲ್ಲವರ ಜೊತೆ ಸಣ್ಣ ಕಂಪನಿ ಕೆಲಸ ಮಾಡುವುದು ಹೇಗೆ?

ಬೀಳಗಿ ಬಯೋ (ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ಬೀಳಗಿ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಜೈವಿಕ ಗೊಬ್ಬರದ ಘಟಕ ಇದೆ. ಅಝೋಟೋಬ್ಯಾಕ್ಟರ್, ರಂಜಕ ಕರಗಿಸುವ ಬ್ಯಾಕ್ಟೀರಿಯಾ, ಟ್ರೈಕೋಡರ್ಮಾ ಮಾಡುತ್ತೇವೆ. ಗಿರಾಕಿಗಳು ಹೆಚ್ಚಾಗಿ ದಾಳಿಂಬೆ ಮತ್ತು ಕಬ್ಬಿನವರು, ತಿಕೋಟಾ ಕಡೆಯ ಕೆಲವು ದ್ರಾಕ್ಷಿ ಬೆಳೆಗಾರರು. ಲ್ಯಾಬ್ ಅಂದರೆ ಒಂದು ಲ್ಯಾಮಿನಾರ್ ಫ್ಲೋ, ಒಂದು ಆಟೋಕ್ಲೇವ್, ಒಂದು ಸೂಕ್ಷ್ಮದರ್ಶಕ. ಮೈಕ್ರೋಬಯಾಲಜಿ ಓದಿದ ನಮ್ಮ ಊರಿನ ಹುಡುಗಿ ಅದನ್ನು ನೋಡಿಕೊಳ್ಳುತ್ತಾಳೆ.

ವಿಷಯ ಏನೆಂದರೆ, ಪರಿಚಯದ ರೈತರೊಬ್ಬರ ದಾಳಿಂಬೆ ತೋಟಕ್ಕೆ ಹಸ್ತ ಬಹಾರದ ಹೂವಿನ ಹಂಗಾಮಿನಲ್ಲಿ ದುಂಡಾಣು ಅಂಗಮಾರಿ ಬಂತು. ಸೋಲಾಪುರದ ಕಡೆಯವರು ತೇಲ್ಯಾ ಅನ್ನುತ್ತಾರಲ್ಲ, ಅದೇ ರೋಗ. ಕಾಯಿಯೆಲ್ಲ ಕಪ್ಪು ಚುಕ್ಕೆ, ಸೀಳು. ಆದರೆ ಬದುವಿನ ಪಕ್ಕದ ಒಂದು ಸಾಲು ಅಷ್ಟಾಗಿ ಕೆಡಲಿಲ್ಲ. ಆ ಸಾಲಿನ ಬೇರಿನ ಮಣ್ಣಿನಿಂದ ನಮ್ಮ ಹುಡುಗಿ ಒಂದು ಬ್ಯಾಸಿಲಸ್ ಬೇರ್ಪಡಿಸಿದ್ದಾಳೆ. ಪ್ಲೇಟಿನ ಮೇಲೆ ರೋಗದ ಕ್ಸಾಂಥೋಮೊನಾಸ್ ಎದುರಿಗೆ ಇಟ್ಟರೆ ಸುತ್ತ ಚೊಕ್ಕವಾದ ಖಾಲಿ ಉಂಗುರ ಬರುತ್ತದೆ, ಅಲ್ಲಿ ರೋಗಾಣು ಬೆಳೆಯುವುದಿಲ್ಲ.

ಇದು ಯಾವ ಪ್ರಭೇದ ಅಂತ ತಿಳಿಯಲು 16ಎಸ್ ಪರೀಕ್ಷೆಗೆ ಕಳಿಸಿದೆವು. ಒಂದು ಲ್ಯಾಬ್ ಬ್ಯಾಸಿಲಸ್ ಸಬ್ಟಿಲಿಸ್ ಅಂದಿತು. ಇನ್ನೊಂದು ವೆಲೆಝೆನ್ಸಿಸ್ ಅಂದಿತು. ಈಗ ಪೂರ್ತಿ ಜೀನೋಮ್ ಸೀಕ್ವೆನ್ಸಿಂಗ್‌ಗೆ, ಅಂದರೆ ಬ್ಯಾಕ್ಟೀರಿಯಾದ ಡಿಎನ್‌ಎ ಎಲ್ಲ ಓದಿಸುವುದಕ್ಕೆ, ಕೋಟೇಶನ್ ತರಿಸಿದ್ದೇನೆ. ಅದರಲ್ಲಿ "ಬಯೋಇನ್ಫರ್ಮ್ಯಾಟಿಕ್ಸ್ ಅನಾಲಿಸಿಸ್ ಸೇರಿದೆ" ಅಂತ ಒಂದೇ ಸಾಲು ಇದೆ, ಅಂದರೆ ಓದಿದ ಡಿಎನ್‌ಎಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ಕೆಲಸ. ಅಷ್ಟು ಸಾಕು ಅನ್ನುತ್ತಾನೆ ಒಬ್ಬ ಗೆಳೆಯ. ಒಬ್ಬರನ್ನು ಸಂಬಳಕ್ಕೆ ಇಟ್ಟುಕೋ ಅನ್ನುತ್ತಾನೆ ಇನ್ನೊಬ್ಬ. ವರ್ಷವಿಡೀ ಅವರಿಗೆ ಕೊಡುವಷ್ಟು ಕೆಲಸವೂ ನನ್ನಲ್ಲಿ ಇಲ್ಲ, ದುಡ್ಡೂ ಇಲ್ಲ.

ಇನ್ನೊಂದು ಮಾತು. ಹೋದ ವರ್ಷ ಒಂದು ಕಡೆ ಮಣ್ಣಿನ ಸ್ಯಾಂಪಲ್ ಕೊಟ್ಟು, ಅದರಲ್ಲಿ ಯಾವ ಯಾವ ಸೂಕ್ಷ್ಮಜೀವಿ ಇವೆ ಅಂತ ನೋಡಿಸಿದ್ದೆ. ದಪ್ಪನೆಯ ಪಿಡಿಎಫ್ ಕಳಿಸಿದರು, ತುಂಬ ಬಣ್ಣದ ವೃತ್ತಗಳು. ಇದರಿಂದ ನನಗೆ ಏನು ತಿಳಿಯಿತು ಅಂತ ಫೋನ್ ಮಾಡಿ ಕೇಳಿದರೆ "ಸರ್, ರಿಪೋರ್ಟ್‌ನಲ್ಲಿ ಎಲ್ಲಾ ಇದೆ" ಅಂದರು. ಹೆಸರು ಬೇಡ ಬಿಡಿ.

ಈ ಕೆಲಸ ಬಲ್ಲವರ ಜೊತೆ ಹೇಗೆ ಮಾತಾಡಬೇಕು, ಏನು ಕೇಳಬೇಕು, ದುಡ್ಡು ಹೇಗೆ ಕೊಡಬೇಕು? ಬ್ಯಾಕ್ಟೀರಿಯಾ ನಮ್ಮ ಕೈ ತಪ್ಪಿ ಹೋಗಬಾರದು ಅನ್ನುವ ಹೆದರಿಕೆಯೂ ಇದೆ.

ಟಿಳಕವಾಡಿ ಟರ್ಮಿನಲ್ (ಬೆಳಗಾವಿ)

ಅಣ್ಣಾರೆ, ಇದು ನನ್ನ ಹೊಟ್ಟೆಪಾಡಿನ ಕೆಲಸ. ಬೆಂಗಳೂರಿನಲ್ಲಿ ಕೆಲವು ವರ್ಷ ಮಾಡಿ, ಈಗ ಬೆಳಗಾವಿಯಲ್ಲಿ ಮನೆಯಿಂದಲೇ ಕಂಪನಿಗಳಿಗೆ ಮಾಡಿಕೊಡುತ್ತೇನೆ. ಉತ್ತರ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಮೊದಲು ಆ ಎರಡು ಲ್ಯಾಬ್‌ಗಳ ಜಗಳ. ಇಬ್ಬರೂ ಸುಳ್ಳು ಹೇಳಿಲ್ಲ. 16ಎಸ್ ಅನ್ನುವುದು ಡಿಎನ್‌ಎಯ ಸುಮಾರು 1500 ಅಕ್ಷರಗಳ ಒಂದೇ ಜೀನ್. ಸಬ್ಟಿಲಿಸ್, ವೆಲೆಝೆನ್ಸಿಸ್, ಅಮೈಲೋಲಿಕ್ವಿಫೇಸಿಯನ್ಸ್ ಎಲ್ಲ ಹತ್ತಿರದ ಸಂಬಂಧಿಗಳು, ಇವುಗಳಲ್ಲಿ ಆ ಜೀನ್ ಹೆಚ್ಚು ಕಡಿಮೆ ಒಂದೇ ಥರ ಇರುತ್ತದೆ. ಪೂರ್ತಿ ಜೀನೋಮ್ ಕೈಗೆ ಬಂದರೆ ಈ ಪ್ರಶ್ನೆ ಸುಲಭ. ಗೊತ್ತಿರುವ ತಳಿಗಳ ಜೀನೋಮ್ ಜೊತೆ ಹೋಲಿಸಿ ಸರಾಸರಿ ಎಷ್ಟು ಹೊಂದುತ್ತದೆ ಅಂತ ನೋಡುತ್ತೇವೆ. ಶೇ 95-96ಕ್ಕಿಂತ ಮೇಲೆ ಹೊಂದಿದರೆ ಅದೇ ಪ್ರಭೇದ ಅನ್ನುವುದು ರೂಢಿ. ಇದು ಒಂದು ಮಧ್ಯಾಹ್ನದ ಕೆಲಸ. ಇದಕ್ಕೆ ಯಾರಾದರೂ ಮೂರು ತಿಂಗಳ ಬಿಲ್ ಮಾಡಿದರೆ ಎದ್ದು ಬನ್ನಿ. ಸಬ್ಟಿಲಿಸ್ 168 ತಳಿಯ ಜೀನೋಮ್ 1997ರಲ್ಲೇ ಪ್ರಕಟವಾಗಿದೆ, ಸುಮಾರು 42 ಲಕ್ಷ ಅಕ್ಷರ. ನಿಮ್ಮದೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ದೊಡ್ಡ ಸರ್ವರ್ ಬೇಕಿಲ್ಲ, ಒಳ್ಳೆಯ ಲ್ಯಾಪ್‌ಟಾಪ್ ಸಾಕು.

ಈಗ ಮುಖ್ಯವಾದದ್ದು. ನನ್ನ ಹತ್ತಿರ ಬರುವ ಕಂಪನಿಗಳು "ಜೀನೋಮ್ ಅನಾಲಿಸಿಸ್ ಮಾಡಿಕೊಡಿ" ಅನ್ನುತ್ತವೆ. ನಾನು ತಿರುಗಿ ಕೇಳುವುದು ಒಂದೇ: ಉತ್ತರ ಬಂದ ಮೇಲೆ ನೀವು ಏನು ತೀರ್ಮಾನ ಮಾಡುತ್ತೀರಿ? ಹೌದು ಅಂತ ಬಂದರೆ ಏನು, ಇಲ್ಲ ಅಂತ ಬಂದರೆ ಏನು? ಎರಡಕ್ಕೂ ನೀವು ಅದೇ ಕೆಲಸ ಮಾಡುವುದಾದರೆ ಆ ವಿಶ್ಲೇಷಣೆಗೆ ದುಡ್ಡು ಹಾಕಬೇಡಿ. ಒಂದು ಹಾಳೆಯಲ್ಲಿ ಇದನ್ನು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಆ ಹಾಳೆ ಇಲ್ಲದೆ ಯಾರನ್ನೂ ಭೇಟಿ ಮಾಡಬೇಡಿ.

ನೀವು ಬರೆದದ್ದನ್ನು ಓದಿದರೆ ನನಗೆ ಕಾಣುವುದು ಹೀಗೆ. ನೋಂದಣಿಗೆ ಸರಿಯಾದ ಹೆಸರು ಬೇಕು, ಅದನ್ನು ಜೀನೋಮ್ ಹೇಳುತ್ತದೆ. ಸುರಕ್ಷಿತವೇ? ಅದನ್ನೂ ಸ್ವಲ್ಪ ಮಟ್ಟಿಗೆ ಹೇಳುತ್ತದೆ. ಬ್ಯಾಸಿಲಸ್ ಸಿರಿಯಸ್‌ನಲ್ಲಿ ಇರುವಂಥ ವಿಷದ ಜೀನ್‌ಗಳು ಇವೆಯೇ, ಬೇರೆ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲ ಆಂಟಿಬಯಾಟಿಕ್ ನಿರೋಧದ ಜೀನ್‌ಗಳು ಇವೆಯೇ ಅಂತ ಹುಡುಕಬಹುದು. ಆ ಖಾಲಿ ಉಂಗುರ ಯಾವುದರಿಂದ ಬಂತು? ಇಲ್ಲಿ ಮಜಾ ಇದೆ. ಸರ್ಫ್ಯಾಕ್ಟಿನ್, ಇಟುರಿನ್, ಫೆಂಜೈಸಿನ್ ಎಂಬ ರೋಗಾಣು ತಡೆಯುವ ವಸ್ತುಗಳನ್ನು ಮಾಡುವ ಜೀನ್ ಗುಂಪುಗಳು ಇವೆಯೇ ಅಂತ ಆಂಟಿಸ್ಮ್ಯಾಶ್ ಅನ್ನುವ ಉಚಿತ ಸಾಧನ ತೋರಿಸುತ್ತದೆ. ಓದಿದ ಡಿಎನ್‌ಎ ತುಣುಕುಗಳನ್ನು ಜೋಡಿಸಿದ ಜೀನೋಮ್ ಫೈಲ್ ಕೊಟ್ಟರೆ ನಿಮ್ಮ ಲ್ಯಾಬ್ ಹುಡುಗಿಯೇ ವೆಬ್‌ನಲ್ಲಿ ಹಾಕಿ ನೋಡಬಹುದು.

ಆದರೆ ಜೀನ್ ಇದೆ ಅಂದ ಮಾತ್ರಕ್ಕೆ ನಿಮ್ಮ ಫರ್ಮೆಂಟರ್‌ನಲ್ಲಿ, ನಿಮ್ಮ ಬೆಲ್ಲದ ನೀರಿನಲ್ಲಿ ಅದು ಆ ವಸ್ತು ಮಾಡುತ್ತದೆ ಅಂತಲ್ಲ. ಮಾಡಿದರೂ ಬೀಳಗಿಯ ಬಿಸಿಲಿನಲ್ಲಿ ಗಿಡದ ಮೇಲೆ ಉಳಿಯುತ್ತದೆ ಅಂತಲೂ ಅಲ್ಲ. ತೋಟದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕಂಪ್ಯೂಟರಿಗೆ ಕೇಳಿ, ಆಮೇಲೆ ಬಯೋಇನ್ಫರ್ಮ್ಯಾಟಿಕ್ಸ್‌ನವರು ಮೋಸ ಮಾಡಿದರು ಅನ್ನುವ ಮಾಲೀಕರನ್ನು ಬಹಳ ನೋಡಿದ್ದೇನೆ.

ಕೋಟೇಶನ್‌ನ ಆ ಒಂದು ಸಾಲಿಗೆ ಬರೋಣ. "ಅನಾಲಿಸಿಸ್ ಸೇರಿದೆ" ಅಂದರೆ ಎಲ್ಲ ಬ್ಯಾಕ್ಟೀರಿಯಾಕ್ಕೂ ಓಡಿಸುವ ಒಂದೇ ಸಿದ್ಧ ಪೈಪ್‌ಲೈನ್, ಅಂದರೆ ಸಾಫ್ಟ್‌ವೇರ್‌ಗಳ ಸರಣಿ. ಕೆಟ್ಟದ್ದೇನಲ್ಲ. ಜೋಡಿಸುತ್ತದೆ, ಜೀನ್‌ಗಳಿಗೆ ಹೆಸರು ಹಚ್ಚುತ್ತದೆ, ವೃತ್ತ ಬಿಡಿಸುತ್ತದೆ. ನಿಮ್ಮ ಹಾಳೆಯ ಪ್ರಶ್ನೆಯನ್ನು ಮಾತ್ರ ಯಾರೂ ಓದಿರುವುದಿಲ್ಲ. ಅದಕ್ಕೇ ಸೀಕ್ವೆನ್ಸಿಂಗ್ ಅವರಿಂದ ಮಾಡಿಸಿ, ಅರ್ಥ ಹೇಳಲು ಬೇರೆ ಒಬ್ಬರನ್ನು ಹಿಡಿಯಿರಿ. ಆ ಬೇರೆಯವರನ್ನು ಸ್ಯಾಂಪಲ್ ಕಳಿಸುವ ಮೊದಲು ಹಿಡಿಯಿರಿ. 1938ರಲ್ಲಿ ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ ರೊನಾಲ್ಡ್ ಫಿಶರ್ ಇದನ್ನೇ ಹೇಳಿದ್ದರು. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆದರೆ ಅವನು ಮರಣೋತ್ತರ ಪರೀಕ್ಷೆ ಮಾಡಬಹುದು, ಪ್ರಯೋಗ ಯಾತರಿಂದ ಸತ್ತಿತು ಅಂತ ಹೇಳಬಹುದು, ಅಷ್ಟೇ.

ನಿಮ್ಮ ಹಳೆಯ ಮಣ್ಣಿನ ಕೆಲಸ ಹೀಗೇ ಸತ್ತಿರಬೇಕು ಅಂತ ನನ್ನ ಅನುಮಾನ. ಒಳ್ಳೆಯ ಸಾಲಿನಿಂದ ಎಷ್ಟು ಗಿಡ, ಕೆಟ್ಟ ಸಾಲಿನಿಂದ ಎಷ್ಟು ಗಿಡ? ಒಂದೊಂದೇ ಆದರೆ ಏನೂ ಹೇಳಲು ಬರುವುದಿಲ್ಲ, ಎರಡು ಗಿಡದ ನಡುವೆ ಹೇಗೂ ವ್ಯತ್ಯಾಸ ಇದ್ದೇ ಇರುತ್ತದೆ. ಒಂದೇ ಆಳದಿಂದ, ಒಂದೇ ದಿನ ತೆಗೆದದ್ದೇ? ಒಳ್ಳೆಯ ಮಣ್ಣಿನ ಡಿಎನ್‌ಎ ಒಂದು ಕಿಟ್‌ನಲ್ಲಿ, ಕೆಟ್ಟ ಮಣ್ಣಿನದು ಇನ್ನೊಂದು ಕಿಟ್‌ನಲ್ಲಿ ತೆಗೆದಿದ್ದರೆ, ಕಾಣುವ ವ್ಯತ್ಯಾಸ ಮಣ್ಣಿನದೋ ಕಿಟ್‌ನದೋ ದೇವರಿಗೇ ಗೊತ್ತು. ಯಾವ ಸಾಫ್ಟ್‌ವೇರೂ ಇದನ್ನು ಆಮೇಲೆ ಬೇರ್ಪಡಿಸುವುದಿಲ್ಲ.

ಟ್ಯೂಬ್‌ಗಳ ಹೆಸರಿನ ಬಗ್ಗೆ ಒಂದು ಮಾತು, ಸಣ್ಣದು ಅನ್ನಬೇಡಿ. 3-5 ಅಂತ ಬರೆದರೆ ಎಕ್ಸೆಲ್ ಅದನ್ನು ಸುಮ್ನೆ ತಾರೀಖು ಮಾಡಿಬಿಡುತ್ತದೆ. ಇದು ನಮ್ಮಂಥವರ ಪಾಡು ಮಾತ್ರ ಅಲ್ಲ. ಮನುಷ್ಯರ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಸೋತು ಸೆಪ್ಟ್1, ಮಾರ್ಚ್1 ಥರದ ಹೆಸರುಗಳನ್ನೇ ಬದಲಿಸಿತು, ಎಕ್ಸೆಲ್ ಬದಲಾಗಲಿಲ್ಲ ಅಂತ! ಬಿಎಲ್‌ಜಿ01, ಬಿಎಲ್‌ಜಿ02 ಅಂತ ಇಡಿ.

ದುಡ್ಡಿನ ವಿಷಯ. ಒಟ್ಟಿಗೆ ಗುತ್ತಿಗೆ ಕೊಡಬೇಡಿ, ಹಂತ ಹಂತವಾಗಿ ಕೊಡಿ. ಪ್ರಶ್ನೆ ಕುಳಿತು ತಿದ್ದಿ, ಸ್ಯಾಂಪಲ್ ಹೇಗೆ ಅಂತ ಯೋಜನೆ ಬರೆದುಕೊಡುವುದು ಮೊದಲ ಹಂತ. ಅದಕ್ಕೂ ದುಡ್ಡು ಕೊಡಿ, ಪುಕ್ಕಟೆ ಸಲಹೆ ಕೇಳಬೇಡಿ. ಆಮೇಲೆ ಡೇಟಾ ಬಂದಾಗ ಗುಣಮಟ್ಟದ ಪರೀಕ್ಷೆ: ಕಲ್ಚರ್ ಶುದ್ಧವಾಗಿತ್ತೇ, ಬೇರೆ ಬ್ಯಾಕ್ಟೀರಿಯಾ ಬೆರೆತಿದೆಯೇ, ಓದಿದ ಅಕ್ಷರಗಳು ನಂಬುವಂತಿವೆಯೇ. ಕ್ಯೂ30 ಅಂತ ಬರೆದಿದ್ದರೆ ಸಾವಿರ ಅಕ್ಷರಕ್ಕೆ ಒಂದು ತಪ್ಪಿರಬಹುದು ಅಂತ ಅರ್ಥ. ಇಲ್ಲಿ ಕೆಟ್ಟಿದ್ದರೆ ಅಲ್ಲೇ ನಿಲ್ಲಿಸುವ ಹಕ್ಕು ಇಬ್ಬರಿಗೂ ಇರಬೇಕು. ಇದನ್ನು ಒಪ್ಪಂದದಲ್ಲಿ ಬರೆಯಿರಿ. ಸರಿ ಇದ್ದರೆ ಮಾತ್ರ ಮುಂದಿನ ವಿಶ್ಲೇಷಣೆ.

ಕೊನೆಗೆ ನಿಮ್ಮ ಕೈಗೆ ಬರಬೇಕಾದದ್ದು: ಯಂತ್ರದಿಂದ ಬಂದ ಮೂಲ ಫಾಸ್ಟ್‌ಕ್ಯೂ ಫೈಲ್‌ಗಳು, ಅವು ಅರ್ಧಂಬರ್ಧ ಇಳಿದಿಲ್ಲ ಅಂತ ಪರೀಕ್ಷಿಸುವ ಎಂಡಿ5 ಸಂಖ್ಯೆಗಳು, ಯಾವ ಸಾಫ್ಟ್‌ವೇರ್‌ನ ಯಾವ ಆವೃತ್ತಿ ಬಳಸಿದರು ಅನ್ನುವ ಟಿಪ್ಪಣಿ, ಓಡಿಸಿದ ಸ್ಕ್ರಿಪ್ಟ್‌ಗಳು. ಮತ್ತೆ ನಿಮ್ಮ ಹಾಳೆಯ ಒಂದೊಂದು ಪ್ರಶ್ನೆಗೂ ಎರಡು ಪುಟದೊಳಗೆ ನೇರ ಉತ್ತರ. "ಇದಕ್ಕೆ ಈ ಡೇಟಾದಿಂದ ಉತ್ತರ ಸಿಗುವುದಿಲ್ಲ" ಅನ್ನುವುದೂ ಉತ್ತರವೇ. ಅಂಥ ಮಾತು ಒಂದೂ ಇಲ್ಲದ ರಿಪೋರ್ಟ್ ಬಂದರೆ ನನಗೆ ಅನುಮಾನ ಜಾಸ್ತಿ. ನಮ್ಮ ಸಾಮಾನ್ಯ ಕೋಡ್ ನಮ್ಮದಾಗಿಯೇ ಉಳಿಯುತ್ತದೆ, ಅದನ್ನು ಬರೆದುಕೊಡಿ ಅಂತ ಹಟ ಹಿಡಿಯಬೇಡಿ. ಫಲಿತಾಂಶ, ಡೇಟಾ ಪೂರ್ತಿ ನಿಮ್ಮದು.

ಇನ್ನೊಂದು. ಕರೆಗೆ ನೀವು ಒಬ್ಬರೇ ಕೂಡಬೇಡಿ. ಪ್ಲೇಟ್ ಹಾಕುವ ಆ ಹುಡುಗಿಯನ್ನು ಕೂರಿಸಿ. "ಈ ಕಾಲೋನಿ ಎರಡನೇ ದಿನ ಲೋಳೆ ಬಿಡುತ್ತದೆ" ಅನ್ನುವ ಅವಳ ಒಂದು ಮಾತು ಎಷ್ಟೋ ಸಲ ನಮ್ಮ ಹುಡುಕಾಟದ ದಿಕ್ಕನ್ನೇ ಬದಲಿಸುತ್ತದೆ.

ಪಾಠದ ಮೇಜು (ವಿಜಯಪುರ)

ಅಕ್ಕಾರೆ ಹೇಳಿದ್ದಕ್ಕೆ ಕಾಲೇಜಿನ ಕಡೆಯಿಂದ ಸೇರಿಸುತ್ತೇನೆ, ನಾನು ಪಾಠ ಮಾಡುವವನು.

ಬೆಂಗಳೂರಿಗೇ ಓಡಬೇಕಿಲ್ಲ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ವಿಭಾಗವೇ ಇದೆ. ದಾಳಿಂಬೆ ರೋಗದ ವಿಷಯಕ್ಕೆ ನಿಮ್ಮ ಮನೆ ಬಾಗಿಲಲ್ಲೇ ತೋಟಗಾರಿಕಾ ವಿಶ್ವವಿದ್ಯಾಲಯ ಇದೆ, ಸೋಲಾಪುರದಲ್ಲಿ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಇದೆ. ತೋಟದ ಪ್ರಯೋಗಕ್ಕೆ ಅವರೇ ಸರಿ.

ಆದರೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ಅಂದರೆ ಅಗ್ಗದ ಕೂಲಿ ಅಂತ ತಿಳಿಯಬೇಡಿ ಸರ. ಅವರಿಗೆ ಒಂದು ಸೆಮಿಸ್ಟರ್ ಇರುತ್ತದೆ, ನಡುವೆ ಪರೀಕ್ಷೆ ಬರುತ್ತದೆ. ನಿಮಗೆ ಬಹಾರ ಹಿಡಿಯುವ ಅವಸರ, ಅವರಿಗೆ ಪ್ರಬಂಧ ಮುಗಿಸುವ ಅವಸರ. ಕಾಯಬಲ್ಲ ಪ್ರಶ್ನೆಯನ್ನು ಕೊಡಿ. ಉದಾಹರಣೆಗೆ, ಸಾರ್ವಜನಿಕವಾಗಿ ಸಿಗುವ ವೆಲೆಝೆನ್ಸಿಸ್ ಜೀನೋಮ್‌ಗಳ ಜೊತೆ ನಿಮ್ಮದನ್ನು ಹೋಲಿಸುವುದು ಒಳ್ಳೆಯ ಪ್ರಾಜೆಕ್ಟ್. ನೋಂದಣಿಯ ಕಡತಕ್ಕೆ ಬೇಕಾದದ್ದನ್ನು ಅವರ ತಲೆಗೆ ಹಾಕಬೇಡಿ. ಪ್ರಬಂಧದಲ್ಲಿ ಏನು ಪ್ರಕಟಿಸಬಹುದು, ಯಾವಾಗ ಪ್ರಕಟಿಸಬಹುದು ಅಂತ ಮಾರ್ಗದರ್ಶಕರ ಜೊತೆ ಮೊದಲೇ ಬರೆದುಕೊಳ್ಳಿ. ಪ್ರಬಂಧ ಕೊನೆಗೆ ಗ್ರಂಥಾಲಯದಲ್ಲಿ ಕೂರುತ್ತದೆ, ಯಾರು ಬೇಕಾದರೂ ಓದುತ್ತಾರೆ, ಅಲ್ವಾ? ಮತ್ತೆ "ಸರ್ಟಿಫಿಕೇಟ್ ಕೊಡ್ತೀವಿ" ಅನ್ನುವ ಕಂಪನಿಗಳಿಗೆ ನಾನು ಹುಡುಗಿಯರನ್ನು ಕಳಿಸುವುದಿಲ್ಲ. ಸ್ಟೈಪೆಂಡ್ ಕೊಡಿ, ಬಸ್ ಚಾರ್ಜಾದರೂ ಕೊಡಿ.

ಹೆಸರಿನ ಬಗ್ಗೆ ಇನ್ನೊಂದು. ನೀವು ಲೇಬಲ್ ಮೇಲೆ "ರೋಗ ತಡೆಯುತ್ತದೆ" ಅಂತ ಬರೆದ ಕೂಡಲೇ ಅದು ಗೊಬ್ಬರ ಅಲ್ಲ, ಜೈವಿಕ ಕೀಟನಾಶಕ. 1968ರ ಕೀಟನಾಶಕ ಕಾಯ್ದೆಯ ಅಡಿಯಲ್ಲಿ ಫರಿದಾಬಾದಿನ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಮಿತಿಗೆ ಅರ್ಜಿ ಹಾಕಬೇಕು. ಜೀವಿಯ ಗುರುತು, ಸುರಕ್ಷತೆ, ಹೊಲದ ಪರಿಣಾಮ ಎಲ್ಲದರ ದಾಖಲೆ ಕೇಳುತ್ತಾರೆ. ಆ ಪಟ್ಟಿಯನ್ನು ಮೊದಲು ಓದಿ, ಆಮೇಲೆ ಅಕ್ಕಾರೆ ಹೇಳಿದ ಹಾಳೆ ಬರೆಯಿರಿ. ಅರ್ಧ ಪ್ರಶ್ನೆಗಳು ಅಲ್ಲೇ ಸಿಗುತ್ತವೆ.

ಘಟಪ್ರಭಾ ದಂಡೆ (ಗೋಕಾಕ)

ನನ್ನದು ಅಡ್ಡ ಮಾತು. ಜೀನೋಮ್ ಈಗಲೇ ಯಾಕೆ ಬೇಕು? ನಾನು ಇಂಥದ್ದೇ ಒಂದು ಘಟಕದಲ್ಲಿ ಕ್ವಾಲಿಟಿ ನೋಡುತ್ತೇನೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ದ್ರವ ಜೈವಿಕ ಗೊಬ್ಬರದಲ್ಲಿ ಮಿಲಿಗೆ 10 ಕೋಟಿ ಜೀವಕೋಶ ಇರಬೇಕು. ತಯಾರಾದ ದಿನ ಎಲ್ಲರದ್ದೂ ಇರುತ್ತದೆ. ಏಪ್ರಿಲ್‌ನಲ್ಲಿ ಮುಧೋಳದ ಅಂಗಡಿಯ ತಗಡಿನ ಕೆಳಗೆ ಇಟ್ಟು ಆಮೇಲೆ ಎಣಿಸಿ ನೋಡಿ. ಅಲ್ಲಿ ಬದುಕದ ಬ್ಯಾಕ್ಟೀರಿಯಾದ ಜೀನೋಮ್ ತಗೊಂಡು ಏನು ಮಾಡುತ್ತೀರಿ? ಮೊದಲು ಕುಂಡದಲ್ಲಿ, ಆಮೇಲೆ ನಾಲ್ಕು ರೈತರ ತೋಟದಲ್ಲಿ ನೋಡಿ. ಉಳಿದರೆ ಆಗ ದುಡ್ಡು ಹಾಕಿ.

ಟಿಳಕವಾಡಿ ಟರ್ಮಿನಲ್

ದಂಡೆಯವರೇ, ಅರ್ಧ ಒಪ್ಪುತ್ತೇನೆ. ಬ್ಯಾಸಿಲಸ್ ಬೀಜಕಣ ಮಾಡುತ್ತದೆ, ಬಿಸಿಲು ತಡೆಯುವುದರಲ್ಲಿ ಸ್ಯೂಡೋಮೊನಾಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾಕ್ಕಿಂತ ಗಟ್ಟಿ. ಆದರೂ ಎಣಿಸಿ ನೋಡುವುದು ಸರಿಯೇ. ಒಪ್ಪದ ಅರ್ಧ ಇದು: ಸುರಕ್ಷತೆಯ ಪ್ರಶ್ನೆ ರೈತರ ತೋಟಕ್ಕೆ ಹೋಗುವ ಮೊದಲೇ ಮುಗಿಯಬೇಕು. ವಿಷದ ಜೀನ್ ಇದೆಯೇ ಅಂತ ಗೊತ್ತಿಲ್ಲದ ಬ್ಯಾಕ್ಟೀರಿಯಾವನ್ನು ತಿನ್ನುವ ಹಣ್ಣಿನ ಮೇಲೆ ಹೊಡೆದು ಪ್ರಯೋಗ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಕುಂಡದ ಪ್ರಯೋಗ, ಜೀನೋಮ್, ಆಮೇಲೆ ತೋಟ. ಇದು ನನ್ನ ಸರತಿ.

ಬೀಳಗಿ ಬಯೋ

ಎಲ್ಲರಿಗೂ ಧನ್ಯವಾದ. ಹಾಳೆ ಬರೆಯಲು ಕೂತೆ, ಅಂದುಕೊಂಡಷ್ಟು ಸುಲಭ ಇಲ್ಲ! "ಹೌದು ಬಂದರೆ ಏನು" ಅನ್ನುವಲ್ಲಿ ನಾನೂ ನನ್ನ ತಮ್ಮನೂ ಜಗಳ ಆಡಿದೆವು. ಅವನಿಗೆ ಪೇಟೆಂಟ್ ಬೇಕಂತೆ, ನನಗೆ ನೋಂದಣಿ ಆಗಿ ಮಾರಾಟ ಆದರೆ ಸಾಕು.

ಅಕ್ಕಾರೆ, ಎರಡು ಪ್ರಶ್ನೆ ಉಳಿದಿವೆ. ಕಲ್ಚರ್ ಹೊರಗೆ ಕಳಿಸಿದರೆ ಅವರು ಬೆಳೆಸಿಕೊಂಡು ಬಿಟ್ಟರೆ? ಮತ್ತೆ ಆ ಹಳೆಯ ಮಣ್ಣಿನ ಪಿಡಿಎಫ್‌ನಿಂದ ಏನಾದರೂ ಉಳಿಸಬಹುದೇ?

ಟಿಳಕವಾಡಿ ಟರ್ಮಿನಲ್

ಜೀವಂತ ಕಲ್ಚರ್ ಕಳಿಸಲೇಬೇಡಿ. ಡಿಎನ್‌ಎ ಬೇರ್ಪಡಿಸಿ ಅದನ್ನಷ್ಟೇ ಕಳಿಸಿ, ಅದರಿಂದ ಯಾರೂ ನಿಮ್ಮ ಬ್ಯಾಕ್ಟೀರಿಯಾ ಬೆಳೆಸಲು ಆಗುವುದಿಲ್ಲ. ನಿಮ್ಮಲ್ಲಿ ಕಿಟ್ ಇಲ್ಲದಿದ್ದರೆ ಹತ್ತಿರದ ಯಾವುದಾದರೂ ಬಯೋಟೆಕ್ ಲ್ಯಾಬ್‌ನಲ್ಲಿ ನಿಮ್ಮ ಹುಡುಗಿಯೇ ಕೂತು ಮಾಡಿಕೊಂಡು ಬರಲಿ. ವಿಶ್ಲೇಷಣೆ ಮಾಡುವವರಿಗಂತೂ ಫೈಲ್ ಮಾತ್ರ ಸಾಕು. ಗೋಪ್ಯತೆಯ ಒಪ್ಪಂದಕ್ಕೆ ಮೊದಲ ಮಾತುಕತೆಗೂ ಮುಂಚೆ ಸಹಿ ಹಾಕಿಸಿ, ನಾವು ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತಳಿಯ ಒಂದು ಪ್ರತಿಯನ್ನು ಮಾನ್ಯತೆ ಇರುವ ಕಲ್ಚರ್ ಸಂಗ್ರಹದಲ್ಲಿ ಇಡಿ. ಚಂಡೀಗಢದ ಎಂಟಿಸಿಸಿ ಇದೆ, ಪುಣೆಯಲ್ಲಿ ರಾಷ್ಟ್ರೀಯ ಸೂಕ್ಷ್ಮಜೀವಿ ಸಂಪನ್ಮೂಲ ಕೇಂದ್ರ ಇದೆ. ಎರಡಕ್ಕೂ ಬುಡಾಪೆಸ್ಟ್ ಒಪ್ಪಂದದ ಮಾನ್ಯತೆ ಇದೆ, ಅಂದರೆ ಪೇಟೆಂಟ್ ಅರ್ಜಿಗೆ ಬೇಕಾದ ಠೇವಣಿಯನ್ನೂ ಅಲ್ಲೇ ಇಡಬಹುದು. ನಮಗೆ ಪುಣೆಯೇ ಹತ್ತಿರ. ನಿಮ್ಮ ಫ್ರಿಜ್ ಕರೆಂಟ್ ಹೋಗಿ ಕೆಟ್ಟರೂ ತಳಿ ಉಳಿಯುತ್ತದೆ, ಅದೂ ಒಂದು ಲಾಭ.

ತಮ್ಮನಿಗೆ ಹೇಳಿ: ಪ್ರಕೃತಿಯಲ್ಲಿ ಇದ್ದ ಹಾಗೇ ಸಿಕ್ಕ ಜೀವಿಗೆ ನಮ್ಮಲ್ಲಿ ಪೇಟೆಂಟ್ ಇಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಸಿ) ಅದನ್ನು ಬಿಟ್ಟುಬಿಡುತ್ತದೆ. ನೀವು ಅದರಿಂದ ಮಾಡಿದ ಹೊಸ ಮಿಶ್ರಣಕ್ಕೋ ತಯಾರಿಸುವ ವಿಧಾನಕ್ಕೋ ಕೇಳಬಹುದು. ಅದಕ್ಕೂ ಮುಂಚೆ 2002ರ ಜೀವವೈವಿಧ್ಯ ಕಾಯ್ದೆ ಇದೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಕೆಲಸ ಬೀಳುತ್ತದೆ. ಇದಕ್ಕೆ ನಾನಲ್ಲ, ಪೇಟೆಂಟ್ ಏಜೆಂಟರು ಬೇಕು. ಅಲ್ಲಿಯವರೆಗೆ ಜೀನೋಮನ್ನು ಎಲ್ಲೂ ಪ್ರಕಟಿಸಬೇಡಿ. ವಿದ್ಯಾರ್ಥಿಯ ಪೋಸ್ಟರ್‌ನಲ್ಲೂ ಬೇಡ. ಆ ತೋಟದ ರೈತರಿಗೂ ಈಗಲೇ ವಿಷಯ ಹೇಳಿ, ಲಾಭ ಬಂದರೆ ಅವರಿಗೇನು ಅಂತ ಮಾತಾಡಿಕೊಳ್ಳಿ. ಸರಕು ಅಂಗಡಿಗೆ ಬಂದ ಮೇಲೆ ಅವರಿಗೆ ಬೇರೆಯವರಿಂದ ಗೊತ್ತಾದರೆ ಚೆನ್ನಾಗಿರುವುದಿಲ್ಲ.

ಹಳೆಯ ಪಿಡಿಎಫ್‌ನಿಂದ ಏನೂ ಆಗುವುದಿಲ್ಲ. ಆದರೆ ಅವರು ಕಳಿಸಿದ ಲಿಂಕ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಹೆಸರಿನ ಕೊನೆಗೆ ಫಾಸ್ಟ್‌ಕ್ಯೂ ಡಾಟ್ ಜಿಝಡ್ ಅಂತ ಇರುವ ದೊಡ್ಡ ಫೈಲ್‌ಗಳು ಇವೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ಮೇಲ್ ಹಾಕಿ ಕೇಳಿ, ಫೋನ್ ಬೇಡ, ಬರವಣಿಗೆಯಲ್ಲೇ ಇರಲಿ. ಸೀಕ್ವೆನ್ಸಿಂಗ್ ಮಾಡುವವರು ಗಿರಾಕಿಗಳ ಡೇಟಾ ಕೆಲವು ತಿಂಗಳು ಇಟ್ಟು ಅಳಿಸುವುದು ಸಾಮಾನ್ಯ, ನಿಮ್ಮದು ಇನ್ನೂ ಉಳಿದಿರಬಹುದು. ಸಿಕ್ಕರೆ, ಯಾವ ಸ್ಯಾಂಪಲ್ ಯಾವ ಸಾಲಿನದು ಅನ್ನುವ ಪಟ್ಟಿಯನ್ನೂ ನಿಮ್ಮ ಹುಡುಗಿಯಿಂದ ಬರೆಸಿ ಜೊತೆಗಿಡಿ. ಗಿಡದ ಲೆಕ್ಕ ನೋಡಿ, ಅದರ ಮೇಲೆ ಸಮಯ ಹಾಕುವುದು ಸಾರ್ಥಕವೋ ಅಲ್ಲವೋ ಹೇಳುತ್ತೇನೆ.